ಒಡೆತನವೂ ಮೇಲೊಡೆತನವೂ

ಕೆಲವು ವರ್ಷಗಳ ಹಿಂದೆ ಇತಿಹಾಸದ ಉತ್ತರಪತ್ರಿಕೆಗಳನ್ನು ತಿದ್ದುತ್ತಿದ್ದಾಗ ಒಬ್ಬ ವಿದ್ಯಾರ್ಥಿಯ ಬರವಣಿಗೆಯು ನಮ್ಮನ್ನು ತಡೆದು ನಿಲ್ಲಿಸಿತು. ‘ಸೂಜರಿನ್ಟಿ’ ಎಂಬ ಇಂಗ್ಲಿಷ್ ಶಬ್ದವು ಇರಬೇಕಾದೆಡೆಗಳಲ್ಲೆಲ್ಲ ಅವನು ‘ಸಾವರಿನ್ಟಿ’ ಎಂದು ಬರೆದಿದ್ದನು. ನಾವು ಕೆಂಪು ಶಾಯಿಯಲ್ಲಿ ಗೆರೆಯೆಳೆದು ಎರಡು ಅಂಕಗಳನ್ನು ಕಳೆದೆವು. ಮರುವಾರ ಹುಡುಗನು ನಮ್ಮ ಕೊಠಡಿಗೆ ಬಂದು, ತನ್ನ ನಿಘಂಟಿನಲ್ಲಿ ಎರಡಕ್ಕೂ ‘ಆಧಿಪತ್ಯ’ ಎಂದೇ ಅರ್ಥ ಕೊಟ್ಟಿದೆಯೆಂದೂ, ಅವುಗಳೊಳಗಿನ ವ್ಯತ್ಯಾಸವೇನೆಂಬುದನ್ನು ತಿಳಿಸಬೇಕೆಂದೂ ವಿನಯದಿಂದಲೇ ಕೇಳಿದನು. ಮೊದಲನೆಯ ಶಬ್ದದ ಅರ್ಥವನ್ನು ನಾವು ಸರಾಗವಾಗಿ ಹೇಳಿದೆವು. ಎರಡನೆಯದರ ಬಳಿಗೆ ಬರುತ್ತಲೇ ಮಾತು ತಡವರಿಸಿತು. “ಹಾಗಾದರೆ ಆ ಶಬ್ದಕ್ಕೆ ಇಷ್ಟೇ ಎಂಬ ಅರ್ಥ ಇಲ್ಲವೇ, ಸಾರ್?” ಎಂದು ಅವನು ಕೇಳಿದುದಕ್ಕೆ ಆ ದಿನ ನಮ್ಮಲ್ಲಿ ಸಮರ್ಪಕವಾದ ಉತ್ತರವಿರಲಿಲ್ಲ. ಇಂದಿನ ಭಾಷಣವು ಆ ಪ್ರಶ್ನೆಯ ಬೆನ್ನು ಹತ್ತಿ ಹೋದುದರ ಫಲ.

ಒಂದು ಅಕ್ಷರ ಹೆಚ್ಚೋ ಒಂದು ಅಕ್ಷರ ಕಡಮೆಯೋ ಎಂಬಷ್ಟು ಸಮೀಪದ ಎರಡು ಶಬ್ದಗಳ ವಿಚಾರವು ವೈಯಾಕರಣರಿಗೆ ಸೇರಿದುದೇ ಹೊರತು ಇತಿಹಾಸಕಾರನಿಗೆ ಅದರಿಂದ ಏನಾಗಬೇಕು ಎಂದು ಕೆಲವರು ಕೇಳಬಹುದು. ಆದರೆ ಈ ಎರಡು ಶಬ್ದಗಳ ನಡುವಣ ಕಿರಿದಾದ ಓಣಿಯಲ್ಲಿ ಸೈನ್ಯಗಳು ನಡೆದಿವೆ, ಗಲ್ಲುಗಂಬಗಳು ಎದ್ದಿವೆ. ನಮ್ಮ ಮೈಸೂರೂ ಸೇರಿದಂತೆ 500ಕ್ಕೂ ಹೆಚ್ಚು ಸಂಸ್ಥಾನಗಳ ಪ್ರಜೆಗಳು ತಲೆಮಾರುಗಳ ಕಾಲ ಆ ಓಣಿಯಲ್ಲಿಯೇ ವಾಸವಾಗಿದ್ದರು.

ಮೊದಲು ಶಬ್ದಗಳ ಕುಲಗೋತ್ರವನ್ನು ವಿಚಾರಿಸೋಣ. ಎರಡೂ ಫ್ರೆಂಚ್ ಮನೆಯಿಂದ ಬಂದವು; ಎರಡರ ಬೇರಿನಲ್ಲಿಯೂ ‘ಮೇಲೆ’ ಎಂಬ ಭಾವವೇ ಇದೆ. ಸಾವರಿನ್ ಎಂಬುದು ಲ್ಯಾಟಿನಿನ ‘ಸೂಪರ್’ ಎಂಬುದರಿಂದ ಹುಟ್ಟಿ ಹಳೆಯ ಫ್ರೆಂಚಿನ ಮೂಲಕ ಇಂಗ್ಲಿಷಿಗೆ ಬಂದಿತು. ಆಳ್ವಿಕೆ ಎಂಬರ್ಥದ ‘ರೇನ್’ ಎಂಬ ಶಬ್ದಕ್ಕೂ ಅದಕ್ಕೂ ಹುಟ್ಟಿನ ನಂಟಿಲ್ಲ. ನಂಟುಂಟೆಂದು ಭ್ರಮಿಸಿದ ಇಂಗ್ಲಿಷರು ಅದರ ಕಾಗುಣಿತದೊಳಕ್ಕೆ ಉಚ್ಚಾರವಿಲ್ಲದ ಒಂದು ‘ಜೀ’ ಅಕ್ಷರವನ್ನು ಸೇರಿಸಿಕೊಂಡರು. ಸೂಜರೇನ್ ಎಂಬುದಾದರೋ ಫ್ರೆಂಚಿನಲ್ಲಿ ‘ಮೇಲುಗಡೆ’ ಎಂಬ ಅರ್ಥವುಳ್ಳ ಪುಟ್ಟ ಪದವೊಂದಕ್ಕೆ ಮೊದಲಿನ ಶಬ್ದದ ಬಾಲವನ್ನು ಹೊಂದಿಸಿ ಮಾಡಿದುದು. ಅಣ್ಣನ ಅಂಗಿಯನ್ನು ತೊಟ್ಟುಕೊಂಡ ತಮ್ಮನೆಂದು ಅದನ್ನು ಕರೆಯಬಹುದು. ಕನ್ನಡದಲ್ಲಿ ಮೊದಲನೆಯದನ್ನು ‘ಸಾರ್ವಭೌಮತ್ವ’ ಎನ್ನುವುದು ರೂಢಿಯಾಗಿದೆ. ಈ ಭಾಷಣದ ಮಟ್ಟಿಗೆ ನಾವು ಅದನ್ನು ‘ಒಡೆತನ’ ಎಂದೂ, ಎರಡನೆಯದನ್ನು ‘ಮೇಲೊಡೆತನ’ ಎಂದೂ ಕರೆಯುವೆವು.

ಮಧ್ಯಯುಗದ ಯೂರೋಪಿನಲ್ಲಿ ಭೂಮಿಯೆಲ್ಲವೂ ಒಬ್ಬರ ಕೈಕೆಳಗೆ ಒಬ್ಬರು ಎಂಬ ಕ್ರಮದಲ್ಲಿ ಹಂಚಿಹೋಗಿದ್ದಿತು. ಒಬ್ಬನೇ ಮನುಷ್ಯನು ಒಂದು ನಾಡಿನಲ್ಲಿ ಅರಸನಾಗಿಯೂ ಮತ್ತೊಂದರಲ್ಲಿ ಸಾಮಂತನಾಗಿಯೂ ಇರುವುದು ಅಲ್ಲಿ ವಿಚಿತ್ರವಲ್ಲ. 1259ರ ಪ್ಯಾರಿಸ್ ಒಡಂಬಡಿಕೆಯಂತೆ ಇಂಗ್ಲೆಂಡಿನ ಮೂರನೆಯ ಹೆನ್ರಿಯು ಫ್ರಾನ್ಸಿನ ನೈಋತ್ಯಭಾಗದ ಗ್ಯಾಸ್ಕನಿ ಸೀಮೆಗಾಗಿ ಫ್ರೆಂಚ್ ದೊರೆಯ ಸಾಮಂತನಾಗಿರಲು ಒಪ್ಪಿದನು. ಅಲ್ಲಿಂದ ಮುಂದೆ ಗ್ಯಾಸ್ಕನಿಯ ಪ್ರಜೆಯೊಬ್ಬನಿಗೆ ತನ್ನ ಒಡೆಯನ ತೀರ್ಪು ಹಿಡಿಸದೆ ಹೋದರೆ ಅವನು ಪ್ಯಾರಿಸಿನ ನ್ಯಾಯಸ್ಥಾನಕ್ಕೆ ಹೋಗಿ ದೂರಬಹುದಾಗಿದ್ದಿತು. ಮೂರನೆಯ ಎಡ್ವರ್ಡನು 1329ರಲ್ಲಿ ಆಮಿಯಾಂ ಪಟ್ಟಣಕ್ಕೆ ಹೋಗಿ ಆರನೆಯ ಫಿಲಿಪ್ಪನಿಗೆ ಸಾಮಂತವಂದನೆಯನ್ನು ಸಲ್ಲಿಸಿದನು. 1337ರಲ್ಲಿ ಅದೇ ಫಿಲಿಪ್ಪನು, ಸಾಮಂತನು ತಪ್ಪಿ ನಡೆದನೆಂದು ಹೇಳಿ ಗ್ಯಾಸ್ಕನಿಯನ್ನು ಮುಟ್ಟುಗೋಲು ಹಾಕಿದನು. ನೂರು ವರ್ಷಗಳ ಯುದ್ಧಕ್ಕೆ ನಾಂದಿಯಾದುದು ಅದೇ. 1360ರ ಬ್ರೆಟಿನ್ಯಿ ಸಂಧಿಯಲ್ಲಿ ಎಡ್ವರ್ಡನು ಬೇಡಿ ಪಡೆದುದು ಹೆಚ್ಚು ನೆಲವನ್ನು ಮಾತ್ರವಲ್ಲ. ಆ ನೆಲವು ವಂದನೆಯ ಹಂಗಿಲ್ಲದೆ ಪೂರ್ಣ ಒಡೆತನದಲ್ಲಿ ತನಗಿರಬೇಕೆಂಬ ಮಾತನ್ನೂ ಅವನು ಕೇಳಿದನು.

ಈ ಬಗೆಯ ಸಂಬಂಧವು ನಮಗೂ ಹೊಸದಲ್ಲ. ಕನ್ನಡ ನಾಡಿನ ಶಾಸನಗಳನ್ನು ಓದಿದವರಿಗೆ ಅದರ ಕ್ರಮವು ತಿಳಿದಿದೆ. ಮೊದಲು ಚಕ್ರವರ್ತಿಯ ಬಿರುದಾವಳಿ. ಬಳಿಕ ‘ತತ್ಪಾದಪದ್ಮೋಪಜೀವಿ’ ಎಂಬ ಮಾತು. ಅದರ ಕೆಳಗೆ ಮಹಾಮಂಡಲೇಶ್ವರನ ಹೆಸರು. ಹೊಯ್ಸಳ ವಿಷ್ಣುವರ್ಧನನು ತಲಕಾಡನ್ನು ಗೆದ್ದ ಪ್ರತಾಪಶಾಲಿಯಾದರೂ ಕಲ್ಯಾಣದ ಚಾಲುಕ್ಯರ ಲೆಕ್ಕದಲ್ಲಿ ಮಹಾಮಂಡಲೇಶ್ವರನೇ. 12ನೆಯ ಶತಮಾನದ ಕೊನೆಯಲ್ಲಿ ಎರಡನೆಯ ಬಲ್ಲಾಳನು ಸಾರ್ವಭೌಮ ಬಿರುದುಗಳನ್ನು ತಾನೇ ಧರಿಸಿದಾಗ, ಹೊಯ್ಸಳರ ತಲೆಯ ಮೇಲಿನ ಆ ಸಾಲು ಅಳಿಸಿಹೋಯಿತು. ‘ಸಾಮಂತ’ ಎಂಬ ಶಬ್ದದ ಚರಿತ್ರೆಯೂ ಇಲ್ಲಿ ನೆನೆಯತಕ್ಕದ್ದು. ಕೌಟಿಲ್ಯನಲ್ಲಿ ಅದಕ್ಕೆ ಎಲ್ಲೆಗೆ ಹೊಂದಿದ ನೆರೆಯವನೆಂದೇ ಅರ್ಥ. ಕಾಲಕ್ರಮದಲ್ಲಿ ನೆರೆಯವನೇ ಅಡಿಯಾಳಾದನು. ಶಬ್ದವು ಇದ್ದಲ್ಲಿಯೇ ಇದ್ದು, ಬಲ್ಲಿದನು ಅದರೊಳಗಿನ ಅರ್ಥವನ್ನು ಬದಲಾಯಿಸಿದನು.

ಯೂರೋಪಿನಲ್ಲಿ ಒಡೆತನದ ಅರ್ಥವನ್ನು ಖಚಿತಪಡಿಸಿದವನು ಜೀನ್ ಬೋಡಿನ್ ಎಂಬ ಫ್ರೆಂಚ್ ನ್ಯಾಯವೇತ್ತ. ರಾಜ್ಯವನ್ನು ಕುರಿತು 1576ರಲ್ಲಿ ಅವನು ಪ್ರಕಟಿಸಿದ ಗ್ರಂಥದಲ್ಲಿ, ಒಡೆತನವು ನಿರಂಕುಶವಾದುದು, ಶಾಶ್ವತವಾದುದು, ಪಾಲಾಗದಂತಹುದು ಎಂದು ಪ್ರತಿಪಾದಿಸಿದನು. ಈ ಲಕ್ಷಣವನ್ನು ಒಪ್ಪದವರೂ ಒಂದು ಮಾತನ್ನು ಒಪ್ಪಬೇಕು: ಒಡೆತನವು ಯಾರದು ಎಂಬ ಪ್ರಶ್ನೆಗೆ ಉತ್ತರವುಂಟು. ಕಾನೂನು ಮಾಡುವವನು ಯಾರು, ಕಡೆಯ ತೀರ್ಪು ಯಾರದು, ಯುದ್ಧಸಂಧಿಗಳನ್ನು ನಿಶ್ಚಯಿಸುವವನು ಯಾರು ಎಂದು ವಿಚಾರಿಸಿದರೆ ಅದರ ಎಲ್ಲೆಗಲ್ಲುಗಳು ಕಾಣುತ್ತವೆ. ಮೇಲೊಡೆತನಕ್ಕೆ ಅಂತಹ ಎಲ್ಲೆಗಲ್ಲುಗಳಿಲ್ಲ. ಅದು ಮೇಲಿರುವವನೊಬ್ಬನುಂಟೆಂದು ಮಾತ್ರ ಹೇಳುತ್ತದೆ. ಅವನ ಕೈ ಎಷ್ಟು ದೂರ ಚಾಚಬಹುದೆಂಬುದನ್ನು ಹೇಳುವುದಿಲ್ಲ.

ಈ ಕೊರತೆಯೇ 19ನೆಯ ಶತಮಾನದ ರಾಜತಂತ್ರಜ್ಞರಿಗೆ ಅನುಕೂಲವಾಯಿತು. ಹಳೆಯ ಸಾಮಂತಪದ್ಧತಿಯು ಅಳಿದಮೇಲೆ ಮೂಲೆಗೆ ಬಿದ್ದಿದ್ದ ಶಬ್ದವನ್ನು ಅವರು ಧೂಳು ಕೊಡವಿ ಎತ್ತಿಕೊಂಡರು. 1878ರ ಬರ್ಲಿನ್ ಒಡಂಬಡಿಕೆಯು ಬಲ್ಗೇರಿಯವನ್ನು ತುರ್ಕಿ ಸುಲ್ತಾನನ ಮೇಲೊಡೆತನಕ್ಕೆ ಒಳಪಟ್ಟ, ಕಪ್ಪ ಕೊಡತಕ್ಕ ಸ್ವಯಮಾಡಳಿತದ ಸಂಸ್ಥಾನವೆಂದು ಹೇಳಿತು. ಸುಲ್ತಾನನ ಮಾನವೂ ಉಳಿಯಿತು, ಬಲ್ಗೇರಿಯರ ಆಸೆಯೂ ಅರ್ಧ ಈಡೇರಿತು. ಉಳಿದರ್ಧವನ್ನು ಅವರು 1908ರಲ್ಲಿ ಸ್ವಾತಂತ್ರ್ಯವನ್ನು ಸಾರಿ ತಾವೇ ತೆಗೆದುಕೊಂಡರು. ಇಬ್ಬರೂ ಒಪ್ಪದ ವಿಷಯದಲ್ಲಿ ಇಬ್ಬರಿಗೂ ಒಪ್ಪಿದಂತೆ ತೋರುವ ಮಾತೊಂದು ಬೇಕಾದಾಗ ಈ ಶಬ್ದವು ಒದಗುತ್ತಿದ್ದಿತು. ಆದರೆ ಮುಚ್ಚಿಟ್ಟ ವಿವಾದವು ಬಡ್ಡಿ ಸಹಿತವಾಗಿ ಹಿಂದಿರುಗುವುದುಂಟು. ಇದಕ್ಕೆ ದಕ್ಷಿಣ ಆಫ್ರಿಕದ ಟ್ರಾನ್ಸ್‌ವಾಲ್ ನಿದರ್ಶನವಾಗಿದೆ.

ಡಚ್ ಮೂಲದ ಬೋಯರರ ಆ ಗಣರಾಜ್ಯವನ್ನು ಬ್ರಿಟಿಷರು 1877ರಲ್ಲಿ ತಮ್ಮ ರಾಜ್ಯಕ್ಕೆ ಸೇರಿಸಿಕೊಂಡರು. ಬೋಯರರು ದಂಗೆಯೆದ್ದು 1881ರ ಫೆಬ್ರವರಿಯಲ್ಲಿ ಮಜೂಬಾ ಬೆಟ್ಟದ ಮೇಲೆ ಬ್ರಿಟಿಷ್ ದಂಡನ್ನು ಸೋಲಿಸಿದರು. ಆ ವರ್ಷ ಆಗಸ್ಟಿನಲ್ಲಿ ಪ್ರಿಟೋರಿಯದಲ್ಲಿ ಆದ ಕರಾರಿನ ಪೀಠಿಕೆಯು ಟ್ರಾನ್ಸ್‌ವಾಲಿನವರಿಗೆ ಪೂರ್ಣ ಸ್ವಯಮಾಡಳಿತವನ್ನು ಕೊಟ್ಟು, ಅದನ್ನು ವಿಕ್ಟೋರಿಯಾ ರಾಣಿಯ ಮೇಲೊಡೆತನಕ್ಕೆ ಒಳಪಡಿಸಿತು. ಬೋಯರರಿಗೆ ಆ ಶಬ್ದವು ಮುಳ್ಳಿನಂತೆ ಚುಚ್ಚುತ್ತಿದ್ದಿತು. ಮೂರು ವರ್ಷಗಳ ಬಳಿಕ ಅವರ ಅಧ್ಯಕ್ಷ ಕ್ರೂಗರನು ಲಂಡನ್ನಿಗೆ ಬಂದು ಹೊಸ ಕರಾರನ್ನು ಮಾಡಿಕೊಂಡನು. 1884ರ ಆ ಪತ್ರದಲ್ಲಿ ಮೇಲೊಡೆತನದ ಶಬ್ದವು ಎಲ್ಲಿಯೂ ಇಲ್ಲ. ಆದರೆ ಪರರಾಜ್ಯಗಳೊಡನೆ ಮಾಡುವ ಒಡಂಬಡಿಕೆಗಳಿಗೆ, ನೆರೆಯ ಆರೆಂಜ್ ಫ್ರೀ ಸ್ಟೇಟ್ ಒಂದನ್ನು ಬಿಟ್ಟು, ರಾಣಿಯ ಸಮ್ಮತಿ ಬೇಕೆಂಬ ನಾಲ್ಕನೆಯ ಕಲಮು ಅದರಲ್ಲಿದ್ದಿತು. ವಸಾಹತುಗಳ ಮಂತ್ರಿಯಾದ ಲಾರ್ಡ್ ಡರ್ಬಿಯು ಪ್ರಭುಗಳ ಸಭೆಯಲ್ಲಿ ಇದಕ್ಕೆ ಸಮಾಧಾನ ಹೇಳುತ್ತ, ಸತ್ತ್ವವನ್ನು ಉಳಿಸಿಕೊಂಡು ಶಬ್ದವನ್ನು ಮಾತ್ರ ಬಿಟ್ಟಿದ್ದೇವೆ, ಏಕೆಂದರೆ ಅದಕ್ಕೆ ನ್ಯಾಯಶಾಸ್ತ್ರದಲ್ಲಿ ಲಕ್ಷಣವನ್ನು ಹೇಳಲಾಗುವುದಿಲ್ಲ ಎಂಬ ಭಾವದಲ್ಲಿ ಮಾತನಾಡಿದನು. ನಮ್ಮ ವಿದ್ಯಾರ್ಥಿಯ ಪ್ರಶ್ನೆಗೆ ಸಾಮ್ರಾಜ್ಯದ ಮಂತ್ರಿಯೊಬ್ಬನು 1884ರಲ್ಲಿಯೇ ಕೊಟ್ಟ ಉತ್ತರವಿದು.

ಎರಡು ವರ್ಷಗಳಲ್ಲಿ, ಎಂದರೆ 1886ರಲ್ಲಿ, ಟ್ರಾನ್ಸ್‌ವಾಲಿನ ನೆಲದಲ್ಲಿ ಚಿನ್ನದ ದೊಡ್ಡ ನಿಕ್ಷೇಪವು ಕಂಡುಬಂದಿತು. ಬಿಟ್ಟಿದ್ದ ಶಬ್ದದ ನೆನಪು ಬ್ರಿಟಿಷರಿಗೆ ಮರಳಿ ಬಂದುದು ಆ ಚಿನ್ನದ ಬೆಳಕಿನಲ್ಲಿ. 1897ರಲ್ಲಿ ಜೋಸೆಫ್ ಚೇಂಬರ್ಲಿನನು ಹೊಸ ವಾದವೊಂದನ್ನು ಹೂಡಿದನು. 1884ರಲ್ಲಿ ಬದಲಾದುದು ಕಲಮುಗಳು ಮಾತ್ರ, 1881ರ ಪೀಠಿಕೆಯು ಇನ್ನೂ ಜೀವಂತವಾಗಿದೆ, ಆದಕಾರಣ ಮೇಲೊಡೆತನವೂ ಜೀವಂತವಾಗಿದೆ ಎಂಬುದು ಅವನ ವಾದ. ಬೋಯರರು ಒಪ್ಪಲಿಲ್ಲ; ತಮ್ಮದು ಒಡೆತನವುಳ್ಳ ರಾಜ್ಯವೆಂದರು. 1899ರ ಆಗಸ್ಟಿನಲ್ಲಿ ಅವರು ಒಂದು ಹೆಜ್ಜೆ ಹಿಂದೆ ಸರಿದು, ತಮ್ಮಲ್ಲಿ ನೆಲಸಿದ ಹೊರನಾಡಿನವರಿಗೆ ಐದು ವರ್ಷಗಳ ವಾಸದ ಮೇಲೆ ಮತದಾನದ ಹಕ್ಕನ್ನು ಕೊಡುವೆವೆಂದೂ, ಮೇಲೊಡೆತನದ ಮಾತನ್ನು ಇನ್ನು ಎತ್ತಬಾರದೆಂದೂ ಸೂಚಿಸಿದರು. ಬ್ರಿಟಿಷ್ ಸರಕಾರವು ಆ ಷರತ್ತನ್ನು ಒಪ್ಪಲಿಲ್ಲ. ಅಕ್ಟೋಬರ್ 11ರಂದು ಯುದ್ಧವು ಪ್ರಾರಂಭವಾಯಿತು.

ಚಿನ್ನವನ್ನು ಮರೆತು ಶಬ್ದವೇ ಯುದ್ಧಕ್ಕೆ ಕಾರಣವೆನ್ನುವುದು ಇತಿಹಾಸಕ್ಕೆ ಅಪಚಾರ. ಆದರೆ ಚಿನ್ನಕ್ಕಾಗಿ ಯುದ್ಧ ಮಾಡುತ್ತೇವೆಂದು ಯಾವ ಸರಕಾರವೂ ಹೇಳಲಾರದು; ಹೇಳಿಕೊಳ್ಳುವುದಕ್ಕೆ ಒಂದು ಹಕ್ಕು ಬೇಕು, ಹಕ್ಕಿಗೆ ಒಂದು ಹೆಸರು ಬೇಕು. ಅರ್ಥವು ಗೊತ್ತಿಲ್ಲದ ಹೆಸರಾದರೆ ಇನ್ನೂ ಲೇಸು. 1902ರ ಮೇ ತಿಂಗಳಿನಲ್ಲಿ ಸಂಧಿಯಾಗುವ ವೇಳೆಗೆ ಬ್ರಿಟಿಷರು ಬೋಯರ್ ಕುಟುಂಬಗಳನ್ನು ಕೂಡಿಹಾಕಿದ ಶಿಬಿರಗಳಲ್ಲಿ 20,000ಕ್ಕೂ ಹೆಚ್ಚು ಹೆಂಗಸರು ಮಕ್ಕಳು ಸತ್ತಿದ್ದರು. ಅವರಲ್ಲಿ ಮಕ್ಕಳೇ ಬಹುಮಂದಿ. ಆಫ್ರಿಕದ ಕಪ್ಪು ಜನರಿಗಾಗಿ ಮಾಡಿದ್ದ ಬೇರೆ ಶಿಬಿರಗಳಲ್ಲಿಯೂ ಸಾವಿರಾರು ಜನ ಸತ್ತರು. ಯಾರ ಮೇಲೊಡೆತನ ಯಾರ ಮೇಲೆ ಎಂಬ ಆ ಪತ್ರವ್ಯವಹಾರದಲ್ಲಿ ಆ ಕಪ್ಪು ಜನರ ಅಭಿಪ್ರಾಯವನ್ನು ಯಾವ ಪಕ್ಷದವರೂ ಕೇಳಿರಲಿಲ್ಲ.

ಈಗ ನಮ್ಮ ದೇಶಕ್ಕೆ ಬರೋಣ. ಟ್ರಾನ್ಸ್‌ವಾಲಿನಲ್ಲಿ ಶಬ್ದವನ್ನು ತೆಗೆದು ಅಧಿಕಾರವನ್ನು ಉಳಿಸಿಕೊಂಡರೆ, ಭಾರತದಲ್ಲಿ ಅಧಿಕಾರವನ್ನು ಬೆಳಸಿಕೊಂಡು ಬಂದು ಕೊನೆಗೆ ಅದಕ್ಕೆ ಶಬ್ದವನ್ನು ತೊಡಿಸಿದರು. 1799ರಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರವರು ಬಾಲಕರಾಗಿದ್ದಾಗ ಮೈಸೂರಿನೊಡನೆ ಕಂಪೆನಿಯು ಮಾಡಿಕೊಂಡ ಒಡಂಬಡಿಕೆಯು ಸೂರ್ಯಚಂದ್ರರಿರುವವರೆಗೆ ನಡೆಯತಕ್ಕ ಸ್ನೇಹವನ್ನು ಹೇಳಿ, ವರ್ಷಕ್ಕೆ ಏಳು ಲಕ್ಷ ವರಹಗಳ ಕಪ್ಪವನ್ನು ಗೊತ್ತುಮಾಡಿತು. ಕಪ್ಪಕ್ಕೆ ಧಕ್ಕೆ ಬರುವಂತಿದ್ದರೆ ಅದಕ್ಕೆ ಬೇಕಾಗುವಷ್ಟು ಸೀಮೆಯನ್ನು ಕಂಪೆನಿಯು ತನ್ನ ಆಡಳಿತಕ್ಕೆ ತೆಗೆದುಕೊಳ್ಳಬಹುದೆಂಬ ನಿಬಂಧನೆಯೂ ಅದರಲ್ಲಿದ್ದಿತು. 1831ರಲ್ಲಿ, ನಗರ ಪ್ರಾಂತದ ದಂಗೆಯ ಬಳಿಕ, ಲಾರ್ಡ್ ಬೆಂಟಿಂಕನು ಸೀಮೆಯ ಒಂದು ಭಾಗವನ್ನಲ್ಲ, ಇಡೀ ರಾಜ್ಯದ ಆಡಳಿತವನ್ನೇ ತೆಗೆದುಕೊಂಡನು. ಸೂರ್ಯಚಂದ್ರರು ಇದ್ದಲ್ಲಿಯೇ ಇದ್ದರು. ಒಡಂಬಡಿಕೆಗೆ 32 ವರ್ಷಗಳಾಗಿದ್ದವು.

50 ವರ್ಷಗಳ ಬಳಿಕ, 1881ರ ಮಾರ್ಚಿ 25ರಂದು, ಚಾಮರಾಜೇಂದ್ರ ಒಡೆಯರವರಿಗೆ ರಾಜ್ಯವು ಹಿಂದಕ್ಕೆ ಬಂದಿತು. ಆಗ ಕೈಗೆ ಬಂದ ಹಸ್ತಾಂತರ ಪತ್ರದಲ್ಲಿ ನಿಷ್ಠೆ ಮತ್ತು ಅಧೀನತೆಯ ಮಾತುಗಳಿದ್ದವು. ಸ್ವಂತ ನಾಣ್ಯವನ್ನು ಮತ್ತೆ ಹೊಡೆಯಿಸಕೂಡದು, ಅಪ್ಪಣೆಯಿಲ್ಲದೆ ಹೊಸ ಕೋಟೆಗಳನ್ನು ಕಟ್ಟಿಸಕೂಡದು, ಪರರಾಜ್ಯಗಳೊಡನೆ ವ್ಯವಹರಿಸಕೂಡದು, ವೈಸರಾಯರ ಮನ್ನಣೆಯಿಲ್ಲದೆ ಉತ್ತರಾಧಿಕಾರವು ಸಿಂಧುವಾಗದು ಎಂಬ ಕಲಮುಗಳಿದ್ದವು. ವಿಶ್ವೇಶ್ವರಯ್ಯನವರು ದಿವಾನರಾಗಿದ್ದ ಕಾಲದಲ್ಲಿ, 1913ರ ನವೆಂಬರಿನಲ್ಲಿ, ಆ ಹಸ್ತಾಂತರ ಪತ್ರದ ಸ್ಥಾನಕ್ಕೆ ಒಡಂಬಡಿಕೆಯೊಂದು ಬಂದಾಗ ಮೈಸೂರು ಸಂತೋಷಪಟ್ಟಿತು. ನಿಬಂಧನೆಗಳಲ್ಲಿ ಬಹುಭಾಗವು ಹಿಂದಿನಂತೆಯೇ ಇದ್ದರೂ, ಒಬ್ಬರು ಇತ್ತು ಮತ್ತೊಬ್ಬರು ಪಡೆದ ಪತ್ರಕ್ಕೂ ಇಬ್ಬರೂ ಕುಳಿತು ಒಪ್ಪಿದ ಪತ್ರಕ್ಕೂ ಗೌರವದಲ್ಲಿ ಭೇದವುಂಟು. ಅದು ಬರಿಯ ಶಬ್ದಭೇದವೆಂದು ನಗುವವರು, ಕೆಳಗೆ ನಿಂತು ಓದುವವನಿಗೆ ಶಬ್ದಗಳು ಎಷ್ಟು ಭಾರವಾಗಿರುತ್ತವೆಂಬುದನ್ನು ತಿಳಿಯದವರು.

ಇಂತಹ ಸಂಸ್ಥಾನಗಳಿಗೆ ಒಡೆತನವುಂಟೋ ಇಲ್ಲವೋ? ಸರ್ ಹೆನ್ರಿ ಮೇನನು 1864ರಲ್ಲಿ ಕಾಠೇವಾಡದ ಸಂಸ್ಥಾನಗಳನ್ನು ಕುರಿತು ಬರೆದ ಟಿಪ್ಪಣಿಯಲ್ಲಿ ಇದಕ್ಕೆ ಜಾಣ್ಮೆಯ ಉತ್ತರವನ್ನು ಕೊಟ್ಟನು. ಒಡೆತನವು ಪಾಲಾಗದೆಂದು ಬೋಡಿನ್ ಹೇಳಿದ್ದರೆ, ಮೇನನು ಪಾಲಾಗುತ್ತದೆಂದನು, ಪಾಲಾಗದುದು ಸ್ವಾತಂತ್ರ್ಯ. ಕಟ್ಟಿಗೆಯ ಹೊರೆಯಂತೆ ಒಡೆತನವೂ ಹಲವು ಅಧಿಕಾರಗಳ ಹೊರೆ. ಕೆಲವು ಸೌದೆಗಳು ರಾಜನ ಕೈಯಲ್ಲಿರಬಹುದು, ಕೆಲವು ಬ್ರಿಟಿಷರ ಕೈಯಲ್ಲಿ. ಈ ವಾದವು ಸೊಗಸಾಗಿದೆ. ಸೌದೆಗಳನ್ನು ಎಣಿಸುವವನು ಯಾರೆಂಬುದನ್ನು ಮಾತ್ರ ಅದು ಹೇಳದು. 1889ರ ಪಾರ್ಲಿಮೆಂಟಿನ ಶಾಸನವೊಂದು ‘ಇಂಡಿಯಾ’ ಎಂಬ ಶಬ್ದಕ್ಕೆ ಅರ್ಥ ಹೇಳುವಾಗ, ಬ್ರಿಟಿಷ್ ಇಂಡಿಯದ ಜೊತೆಗೆ ರಾಣಿಯ ಮೇಲೊಡೆತನಕ್ಕೆ ಒಳಪಟ್ಟ ದೇಶೀಯ ರಾಜರ ಸೀಮೆಗಳನ್ನೂ ಸೇರಿಸಿತು. ಹೀಗೆ ಶಬ್ದವು ಕಾನೂನಿನೊಳಕ್ಕೆ ಬಂದಿತು; ಅದರ ಲಕ್ಷಣವು ಬರಲಿಲ್ಲ.

ಎರಡೇ ವರ್ಷಗಳಲ್ಲಿ ಅದರ ಪರೀಕ್ಷೆಯಾಯಿತು. 1891ರ ಮಾರ್ಚಿಯಲ್ಲಿ ಮಣಿಪುರದ ಅರಮನೆಯಲ್ಲಿ ಅಸ್ಸಾಮಿನ ಚೀಫ್ ಕಮಿಷನರನೂ ಇತರ ಬ್ರಿಟಿಷ್ ಅಧಿಕಾರಿಗಳೂ ಹತರಾದರು. ರಾಜವಂಶದ ಟಿಕೇಂದ್ರಜಿತ್ ಸಿಂಗನ ಮೇಲೆ ಹೊರಿಸಿದ ಅಪರಾಧಗಳಲ್ಲಿ ಮಹಾರಾಣಿಯ ವಿರುದ್ಧ ಯುದ್ಧ ಹೂಡಿದುದೂ ಒಂದು. ಮಣಿಪುರವು ಬೇರೆ ರಾಜ್ಯ, ಅದರ ರಾಜಪುತ್ರನು ರಾಣಿಯ ಪ್ರಜೆಯಲ್ಲ, ಪ್ರಜೆಯಲ್ಲದವನು ದಂಗೆಕೋರನಾಗುವುದು ಹೇಗೆ ಎಂದು ಕಲ್ಕತ್ತೆಯ ನ್ಯಾಯವಾದಿ ಮನಮೋಹನ ಘೋಷರು ಅವನ ಪರವಾಗಿ ವಾದಿಸಿದರು. ನ್ಯಾಯಶಾಸ್ತ್ರದ ದೃಷ್ಟಿಯಿಂದ ಗಂಭೀರವಾದ ಪ್ರಶ್ನೆಯದು. ಸಂಸ್ಥಾನಗಳಿಗೂ ಮಹಾರಾಣಿಗೂ ಇರುವ ಸಂಬಂಧಕ್ಕೆ ಅಂತರರಾಷ್ಟ್ರೀಯ ನ್ಯಾಯವು ಅನ್ವಯಿಸುವುದಿಲ್ಲವೆಂಬುದು ಸರಕಾರವು ಪ್ರಕಟಿಸಿದ ಸಿದ್ಧಾಂತ. ಆಗಸ್ಟ್ 13ರಂದು ಟಿಕೇಂದ್ರಜಿತನನ್ನು ಇಂಫಾಲದಲ್ಲಿ ಬಹಿರಂಗವಾಗಿ ಗಲ್ಲಿಗೇರಿಸಿದರು. ಎಲ್ಲೆಗಲ್ಲು ಇಲ್ಲದ ಶಬ್ದಕ್ಕೆ ಅಂದು ಆ ಗಲ್ಲುಗಂಬವೇ ಎಲ್ಲೆಗಲ್ಲಾಯಿತು.

ಇದಕ್ಕೆ ತಿರುಗುಮುರುಗಾದ ಪ್ರಸಂಗವೂ ಒಂದುಂಟು. 1902ರಲ್ಲಿ ಲಾರ್ಡ್ ಕರ್ಜನನು ಬೀರಾರ್ ಪ್ರಾಂತವನ್ನು ಹೈದರಾಬಾದಿನ ನಿಜಾಮರಿಂದ ವರ್ಷಕ್ಕೆ 25 ಲಕ್ಷ ರೂಪಾಯಿಗಳ ಶಾಶ್ವತ ಗುತ್ತಿಗೆಗೆ ತೆಗೆದುಕೊಂಡನು. ಬೀರಾರಿನ ಒಡೆತನವು ನಿಜಾಮರದೇ ಎಂದು ಕರಾರಿನಲ್ಲಿ ಬರೆದುಕೊಟ್ಟು, ಆಳ್ವಿಕೆಯೆಲ್ಲವನ್ನೂ ಬ್ರಿಟಿಷರೇ ನಡೆಸಿದರು. ಬೀರಾರಿನಲ್ಲಿ ಅಧಿಕಾರವಿಲ್ಲದ ಒಡೆತನ. ಉಳಿದೆಡೆ ಹೆಸರಿಲ್ಲದ ಅಧಿಕಾರ. 1925ರಲ್ಲಿ ನಿಜಾಮ್ ಮೀರ್ ಉಸ್ಮಾನ್ ಅಲೀ ಖಾನರು ಆ ಪ್ರಾಂತವನ್ನು ಹಿಂದಕ್ಕೆ ಕೇಳುತ್ತ, ಪರರಾಷ್ಟ್ರ ವ್ಯವಹಾರವೊಂದನ್ನು ಬಿಟ್ಟರೆ ತಾವು ಬ್ರಿಟಿಷರಿಗೆ ಸರಿಸಮಾನರಾದ ಮಿತ್ರರೆಂದು ವಾದಿಸಿದರು. ವೈಸರಾಯ್ ಲಾರ್ಡ್ ರೀಡಿಂಗನು 1926ರ ಮಾರ್ಚಿ 27ರಂದು ಕೊಟ್ಟ ಉತ್ತರವು ಪ್ರಸಿದ್ಧವಾಗಿದೆ. ಭಾರತದಲ್ಲಿ ಬ್ರಿಟಿಷ್ ಕಿರೀಟದ ಅಧಿಕಾರವೇ ಪರಮವಾದುದು, ಅದು ಒಡಂಬಡಿಕೆಗಳನ್ನು ಮಾತ್ರ ಆಧರಿಸಿ ನಿಂತಿಲ್ಲ, ಆದಕಾರಣ ಯಾವ ಸಂಸ್ಥಾನಾಧಿಪತಿಯೂ ಸರಿಸಮಾನನಾಗಿ ವ್ಯವಹರಿಸಲಾರನು ಎಂಬುದು ಅದರ ಸಾರ. ಕಿರೀಟದ ಆ ಅಧಿಕಾರಕ್ಕೆ ಅವನು ಬಳಸಿದ ಶಬ್ದವು ಸಾವರಿನ್ಟಿ. ಶಾಸನದಲ್ಲಿ ಸೂಜರಿನ್ಟಿ ಎಂದಿದ್ದುದು ವೈಸರಾಯನ ಕಾಗದದಲ್ಲಿ ಸಾವರಿನ್ಟಿ ಆಯಿತು. ನಮ್ಮ ವಿದ್ಯಾರ್ಥಿಯ ತಪ್ಪೇ ಇದು. ಅಂಕ ಕಳೆಯುವವರು ಮಾತ್ರ ಯಾರೂ ಇರಲಿಲ್ಲ.

ಗಾಬರಿಗೊಂಡ ರಾಜರು, ಈ ಪರಮಾಧಿಕಾರವು ಎಲ್ಲಿಯವರೆಗೆ ಎಂದು ಇತ್ಯರ್ಥವಾಗಲೆಂದು ಬೇಡಿದರು. 1927ರ ಕೊನೆಯಲ್ಲಿ ಸರ್ ಹಾರ್ಕೋರ್ಟ್ ಬಟ್ಲರನ ನೇತೃತ್ವದಲ್ಲಿ ಒಂದು ಸಮಿತಿಯು ನೇಮಕವಾಯಿತು. ಇಂಗ್ಲೆಂಡಿನ ನ್ಯಾಯದ ಇತಿಹಾಸವನ್ನು ಬರೆದ ಹೋಲ್ಡ್ಸ್‌ವರ್ತನಂತಹ ಪಂಡಿತನೂ ಅದರ ಸದಸ್ಯನಾಗಿದ್ದನು. 1929ರ ಅವರ ವರದಿಯು ಲಕ್ಷಣ ಹೇಳುವ ಗೋಜಿಗೆ ಹೋಗಲಿಲ್ಲ. ಪರಮಾಧಿಕಾರವು ಪರಮವಾಗಿಯೇ ಇರಬೇಕು, ಕಾಲಕಾಲದ ಅಗತ್ಯಕ್ಕೆ ತಕ್ಕಂತೆ ತನ್ನ ಅರ್ಥವನ್ನು ತಾನೇ ಹೊಂದಿಸಿಕೊಳ್ಳಬೇಕು ಎಂದು ಹೇಳಿ ಮುಗಿಸಿತು. ಮೇಲೊಡೆತನಕ್ಕೆ ಅರ್ಥವಿಲ್ಲದಿದ್ದುದು ವಿದ್ವಾಂಸರ ಮರೆವಿನಿಂದಲ್ಲ. ಅರ್ಥವಿಲ್ಲದಿರುವುದೇ ಅದರ ಉಪಯೋಗವಾಗಿದ್ದಿತು. ಅರ್ಥವು ಗೊತ್ತಾದ ಕ್ಷಣವೇ ಬಲ್ಲಿದನ ಕೈಗೆ ಕಟ್ಟು ಬೀಳುತ್ತದೆ.

ಕಡೆಗೆ ಆ ಶಬ್ದವನ್ನು ಒಂದು ಕಲಮೇ ಕೊನೆಗಾಣಿಸಿತು. 1947ರ ಭಾರತ ಸ್ವಾತಂತ್ರ್ಯ ಶಾಸನದ ಏಳನೆಯ ಕಲಮಿನಂತೆ, ಸಂಸ್ಥಾನಗಳ ಮೇಲಿನ ದೊರೆಯ ಮೇಲೊಡೆತನವು ಆಗಸ್ಟ್ 15ರಂದು ಅಳಿಯಿತು. ಅಳಿಯಿತು ಸರಿ, ಅದು ಹೋದುದು ಎಲ್ಲಿಗೆ? ಮೇಲಿನ ಹೊರೆಯು ಇಳಿದಮೇಲೆ ಕೆಳಗಿನ ರಾಜನೇ ಪೂರ್ಣ ಒಡೆಯನಾದನೆಂದು ತಿರುವಾಂಕೂರಿನ ದಿವಾನರಾದ ಸರ್ ಸಿ. ಪಿ. ರಾಮಸ್ವಾಮಿ ಅಯ್ಯರ್ ಅವರೂ ಹೈದರಾಬಾದಿನ ನಿಜಾಮರೂ ಆ ವರ್ಷ ಜೂನಿನಲ್ಲಿಯೇ ಸಾರಿದ್ದರು. ಕಾಗದದ ಮೇಲಿನ ತರ್ಕದಲ್ಲಿ ಇದಕ್ಕೆ ಆಧಾರವಿಲ್ಲದಿರಲಿಲ್ಲ. ಆದರೆ ಸಂಸ್ಥಾನಗಳ ಪ್ರಜೆಗಳು ಬೇರೊಂದು ಪ್ರಶ್ನೆಯನ್ನು ಕೇಳಿದರು: ಈ ಲೆಕ್ಕದಲ್ಲಿ ನಾವೆಲ್ಲಿ?

ಮೈಸೂರು ಆಗಸ್ಟಿನಲ್ಲಿಯೇ ಭಾರತ ಒಕ್ಕೂಟಕ್ಕೆ ಸೇರಿತು. ಆದರೂ ಜವಾಬ್ದಾರಿ ಸರಕಾರಕ್ಕಾಗಿ ಮೈಸೂರು ಚಲೋ ಚಳವಳಿಯು ನಡೆಯಬೇಕಾಯಿತು. ಜನರು ಸೆರೆಮನೆಗಳನ್ನು ತುಂಬಿದ ಮೇಲೆ ಅಕ್ಟೋಬರಿನಲ್ಲಿ ಕೆ. ಸಿ. ರೆಡ್ಡಿಯವರ ಮಂತ್ರಿಮಂಡಲವು ಬಂದಿತು. ಬೀದರ, ಗುಲ್ಬರ್ಗ, ರಾಯಚೂರುಗಳ ಕನ್ನಡಿಗರಿಗಾದರೋ ಆ ಶಬ್ದದ ಅಳಿವು ಬಿಡುಗಡೆಯಾಗಿ ಬರಲಿಲ್ಲ, ಭಯವಾಗಿ ಬಂದಿತು. ಹೈದರಾಬಾದಿನ ಒಡೆತನ ಯಾರದೆಂಬ ವಾದವು ನಡೆದಷ್ಟು ಕಾಲವೂ ಅವರು ರಜಾಕಾರರ ಕಾಟವನ್ನು ಸಹಿಸಿಕೊಂಡು ಕಾಯಬೇಕಾಯಿತು. 1948ರ ಸೆಪ್ಟೆಂಬರಿನಲ್ಲಿ ಭಾರತದ ಸೈನ್ಯವು ಒಳಹೊಕ್ಕ ಬಳಿಕ ಆ ವಾದವು ಮುಗಿಯಿತು. 1950ರ ಜನವರಿ 26ರಂದು ಜಾರಿಗೆ ಬಂದ ಸಂವಿಧಾನದ ಪೀಠಿಕೆಯು ಜನರ ಹೆಸರಿನಲ್ಲಿ ತೊಡಗಿ, ಭಾರತವನ್ನು ಒಡೆತನವುಳ್ಳ ಗಣರಾಜ್ಯವೆಂದು ಸಾರಿತು. ಅದರಲ್ಲಿ ಅಣ್ಣನ ಹೆಸರೇ ಇದೆ. ತಮ್ಮನ ಹೆಸರಿಗೆ ಎಡೆಯಿಲ್ಲ.

ಆದರೂ ತಮ್ಮನು ಹಿಮಾಲಯದಾಚೆಗೆ ಇನ್ನೂ ಬದುಕಿದ್ದನು. ಟಿಬೆಟ್ಟಿನ ಮೇಲೆ ಚೀನಕ್ಕೆ ಮೇಲೊಡೆತನವುಂಟೆಂದು 1907ರಲ್ಲಿ ಬ್ರಿಟನ್ನೂ ರಷ್ಯವೂ ಒಪ್ಪಿದ್ದವು. ಒಪ್ಪಂದದ ಆ ಎರಡು ಪಕ್ಷಗಳಲ್ಲಿ ಟಿಬೆಟ್ಟೂ ಇರಲಿಲ್ಲ, ಚೀನವೂ ಇರಲಿಲ್ಲ. 1914ರ ಸಿಮ್ಲಾ ಕರಾರಿನಲ್ಲಿಯೂ ಅದೇ ಶಬ್ದವು ಹೊರಗಿನ ಟಿಬೆಟ್ಟಿನ ಸ್ವಯಮಾಡಳಿತದ ಜೊತೆಯಲ್ಲಿ ಬಂದಿತು. ಚೀನ ಸರಕಾರವು ಆ ಕರಾರನ್ನು ಅಂಗೀಕರಿಸಲಿಲ್ಲ. 1950ರ ಆಗಸ್ಟಿನಲ್ಲಿ ಪೀಕಿಂಗಿನ ಭಾರತೀಯ ರಾಯಭಾರ ಕಚೇರಿಯಿಂದ ಚೀನಕ್ಕೆ ಹೋದ ಟಿಪ್ಪಣಿಯಲ್ಲಿ, ಚೀನದ ಒಡೆತನದ ಚೌಕಟ್ಟಿನೊಳಗೆ ಟಿಬೆಟ್ಟಿನ ಸ್ವಯಮಾಡಳಿತ ಎಂಬ ಮಾತು ಬಂದಿತು. ಅಕ್ಟೋಬರಿನಲ್ಲಿ ಚೀನದ ಸೈನ್ಯವು ಪೂರ್ವ ಟಿಬೆಟ್ಟಿನೊಳಕ್ಕೆ ನುಗ್ಗಿದ ಬಳಿಕ ಭಾರತವು ಕಳುಹಿಸಿದ ಟಿಪ್ಪಣಿಯಲ್ಲಿ ಒಡೆತನವು ಮೇಲೊಡೆತನವಾಗಿ ಬದಲಾಗಿದ್ದಿತು. ಚೀನವು ಉತ್ತರದಲ್ಲಿ ಮೊದಲಿನ ಟಿಪ್ಪಣಿಯನ್ನು ನೆನಪಿಸಿತು.

ಆಗ ಭಾರತದ ರಾಯಭಾರಿಯಾಗಿದ್ದವರು ಸರ್ದಾರ್ ಕೆ. ಎಂ. ಪಣಿಕ್ಕರರು. ದೇಶೀಯ ಸಂಸ್ಥಾನಗಳಿಗೂ ಬ್ರಿಟಿಷ್ ಸರಕಾರಕ್ಕೂ ಇದ್ದ ಸಂಬಂಧವನ್ನು ಕುರಿತು 1927ರಲ್ಲಿಯೇ ಗ್ರಂಥವನ್ನು ಬರೆದವರು, ಬಿಕಾನೇರಿನ ದಿವಾನಗಿರಿಯನ್ನು ನಡೆಸಿದವರು; ಈ ಎರಡು ಶಬ್ದಗಳ ಭೇದವನ್ನು ಅವರಿಗಿಂತ ಚೆನ್ನಾಗಿ ಬಲ್ಲವರು ನಮ್ಮ ದೇಶದಲ್ಲಿ ವಿರಳ. ಅಂತಹವರ ಕಚೇರಿಯಿಂದ ಹೋದ ಕಾಗದದಲ್ಲಿ ಆ ಶಬ್ದವು ಬಂದುದನ್ನು ಹಲವರು ಹಲವು ಬಗೆಯಾಗಿ ವಿವರಿಸಿದ್ದಾರೆ. ಯಾವ ಶಬ್ದವಿದ್ದರೂ ಚೀನದ ಸೈನ್ಯವು ನಿಲ್ಲುತ್ತಿರಲಿಲ್ಲವೆಂಬುದೇ ನಮ್ಮ ಭಾವನೆ. ಆದರೆ ಬಲವಿಲ್ಲದ ಜನಕ್ಕೆ ಉಳಿಯುವ ಆಸ್ತಿಯು ಕಾಗದದ ಮೇಲಿನ ಮಾತೊಂದೇ. ಅದೂ ಬೇರೆಯವರು ಬರೆದುಕೊಟ್ಟ ಮಾತಾದರೆ ಅವರು ಅದನ್ನು ತಿದ್ದಿಯೂ ಬಿಡುತ್ತಾರೆ. 2008ರ ಅಕ್ಟೋಬರ್ 29ರಂದು ಬ್ರಿಟಿಷ್ ಸರಕಾರವು, ಮೇಲೊಡೆತನವೆಂಬುದು ಕಾಲಬಾಹಿರವಾದ ಕಲ್ಪನೆಯೆಂದು ಹೇಳಿ, ಟಿಬೆಟ್ಟನ್ನು ಚೀನದ ಭಾಗವೆಂದು ಒಪ್ಪಿತು. ಶತಮಾನದ ಹಿಂದೆ ತಾನೇ ಆ ನಾಡಿನ ಮೇಲೆ ಹೊದಿಸಿದ್ದ ಶಬ್ದವನ್ನು ಒಂದು ಹೇಳಿಕೆಯಿಂದ ಹಿಂದಕ್ಕೆ ಎಳೆದುಕೊಂಡಿತು. ಹೊದಿಸುವಾಗ ಟಿಬೆಟ್ಟಿನವರನ್ನು ಕೇಳಿರಲಿಲ್ಲ, ತೆಗೆಯುವಾಗಲೂ ಕೇಳಲಿಲ್ಲ.

ಇಷ್ಟರಿಂದ ನಾವು ತಿಳಿಯಬೇಕಾದುದು ಬಹಳವಿಲ್ಲ. ಒಡೆತನವು ಕೆಟ್ಟ ಒಡೆಯನ ಕೈಯಲ್ಲಿ ಸಿಕ್ಕಿ ಪ್ರಜೆಗಳನ್ನು ಪೀಡಿಸಿರುವುದೂ ಉಂಟು. ಅದು ತಾನಾಗಿ ಪವಿತ್ರವಾದ ಶಬ್ದವೇನೂ ಅಲ್ಲ. ಆದರೆ ಅಲ್ಲಿ ಯಾರನ್ನು ಕೇಳಬೇಕೆಂಬುದು ಗೊತ್ತಿರುತ್ತದೆ. ಕೇಳಿ, ಕಾದಾಡಿ, ಒಡೆತನವನ್ನು ಅವನ ಕೈಯಿಂದ ಜನರ ಕೈಗೆ ತರುವುದು ಸಾಧ್ಯವಾಗುತ್ತದೆ. ಮೇಲೊಡೆತನದಲ್ಲಿಯಾದರೋ ತಪ್ಪಿಗೆ ಜವಾಬ್ದಾರನು ಕೆಳಗಿನವನೆಂದು ಮೇಲಿನವನೂ, ಮೇಲಿನವನೆಂದು ಕೆಳಗಿನವನೂ ಹೇಳುತ್ತಿರಲು ಪ್ರಜೆಯು ನಡುವೆ ನಿಲ್ಲುತ್ತಾನೆ. ಆ ಶಬ್ದವು ಇಂದು ಬಳಕೆಯಿಂದ ಬಹುಮಟ್ಟಿಗೆ ಹೋಗಿದೆ. ಅದು ಮಾಡುತ್ತಿದ್ದ ಕೆಲಸವನ್ನು ಮಾಡತಕ್ಕ ಹೊಸ ಹೊಸ ಶಬ್ದಗಳು ರಾಷ್ಟ್ರಗಳ ಒಪ್ಪಂದಗಳಲ್ಲಿ ಬರುತ್ತಲೇ ಇರುತ್ತವೆ. ಅವು ಎದುರಾದಾಗ ಇದರ ಅರ್ಥವನ್ನು ನಿಶ್ಚಯಿಸುವವನು ಯಾರು ಎಂದು ಕೇಳುವ ಅಭ್ಯಾಸವನ್ನು ನಾವು ಇಟ್ಟುಕೊಳ್ಳಬೇಕು.

ಆ ವಿದ್ಯಾರ್ಥಿಯ ಉತ್ತರಪತ್ರಿಕೆಯು ಆ ವೇಳೆಗೆ ನಮ್ಮ ಕೈಬಿಟ್ಟು ಹೋಗಿದ್ದಿತು. ಅಂಕಗಳನ್ನು ಹಿಂದಿರುಗಿಸುವ ಅಧಿಕಾರವು ನಮಗಿರಲಿಲ್ಲ. ಮುಂದಿನ ವರ್ಷ ಮೇಲೊಡೆತನದ ಪಾಠವು ಬಂದಾಗ ನಾವು ಕರಿಹಲಗೆಯ ಮೇಲೆ ಎರಡು ಶಬ್ದಗಳನ್ನೂ ಬರೆದು, ಮೊದಲನೆಯದರ ಮುಂದೆ ಅರ್ಥವನ್ನು ಬರೆದೆವು. ಎರಡನೆಯದರ ಮುಂದೆ ಅವನ ಪ್ರಶ್ನೆಯನ್ನು ಬರೆದೆವು.